ಒಂದೇ ಪೇಪರಿನ ಕಾಲೊನಿ

ಅವರ ಬಲಗೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಮೊಣಕೈಯ ಹತ್ತಿರ ಮೂಳೆ ಮುರಿದು, ಓರೆಯಾಗಿ ಕೂಡಿಕೊಂಡು, ಹುಣಸೆಕೊಂಬೆಯ ಹಾಗೆ ಸೊಟ್ಟಗೆ ನಿಂತುಬಿಟ್ಟಿತ್ತು. ಯಾರಿಗಾದರೂ ಏನಾದರೂ ಕೊಡಬೇಕೆಂದರೆ ಆ ಕೈ ಮುಂದಕ್ಕೆ ಚಾಚುತ್ತಿರಲಿಲ್ಲ, ಭುಜದಿಂದಲೇ ಮೇಲೇಳುತ್ತಿತ್ತು. ನನಗೆ ಪೇಪರು ಕೊಡುವಾಗ ಅದು ನನ್ನ ತಲೆಗಿಂತ ಒಂದು ಗೇಣು ಮೇಲಿರುತ್ತಿತ್ತು. ನಾನು ಹಿಮ್ಮಡಿ ಎತ್ತಿ ಇಸಿದುಕೊಳ್ಳುತ್ತಿದ್ದೆ.

"ನಾನೇನು ಇಂಜಿನ್ ಡ್ರೈವರಾ ಮಾಮಾ? ಸ್ವಲ್ಪ ಕೆಳಗೆ ಕೊಡಬಾರದಾ?" ಎಂದು ಒಮ್ಮೆ ಕೇಳಿದ್ದೆ.

"ಕೈ ಕೇಳಬೇಕಲ್ಲವ್ವಾ. ಮೂವತ್ತು ವರ್ಷ ಇಂಜಿನ್ನಿಗೇ ಕೊಟ್ಟು ರೂಢಿ ಆಗೇತಿ" ಎಂದರು.

ಅವರು ಹೊಸಪೇಟೆ ಕಡೆಯವರು. ಹಣೆಯ ಮೇಲೆ ವಿಭೂತಿ, ಮೈಮೇಲೆ ರೈಲ್ವೆಯ ಹಳೆಯ ಬಿಳಿ ಕೋಟು, ಗುಂಡಿ ಮಾತ್ರ ಬದಲಾಗಿದ್ದವು. ಒಂಟಿ ಹಳಿಯ ಸಣ್ಣ ಊರುಗಳಲ್ಲಿ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾದವರು. ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರು ಬಂದುಬಿಡಬಾರದಲ್ಲ, ಅದಕ್ಕೆ ಒಂದು ಕಟ್ಟಳೆ. ಬೆತ್ತದ ದೊಡ್ಡ ಬಳೆ, ಬಳೆಗೆ ಕಟ್ಟಿದ ಚರ್ಮದ ಚೀಲ, ಚೀಲದಲ್ಲಿ ಒಂದು ಕಬ್ಬಿಣದ ಗುಂಡು. ಅದನ್ನು ಟೋಕನ್ ಎನ್ನುತ್ತಿದ್ದರು. ಅದು ಡ್ರೈವರನ ಕೈಗೆ ಬಂದರೆ ಮಾತ್ರ ಮುಂದಿನ ಸ್ಟೇಷನ್ನಿಗೆ ದಾರಿ. ನಿಲ್ಲುವ ಗಾಡಿಗಳಿಗೆ ಇವರೇ ಕೈಯಾರೆ ಕೊಡುತ್ತಿದ್ದರು. ನಿಲ್ಲದೆ ಹೋಗುವ ಮೇಲ್ ಗಾಡಿಗೆ ಮಾತ್ರ ಪೋರ್ಟರನು ಪ್ಲಾಟ್‌ಫಾರಂ ಅಂಚಿನಲ್ಲಿ ನಿಂತು ಬಳೆಯನ್ನು ಎತ್ತಿ ಹಿಡಿಯಬೇಕು. ಪೋರ್ಟರನಿಗೆ ಜ್ವರ ಬಂದ ಒಂದು ದಿನ ಇವರೇ ಎತ್ತಿ ಹಿಡಿದರು. ಬಳೆ ಹೋಯಿತು, ಜೊತೆಗೆ ಮೊಣಕೈಯೂ ಹೋಯಿತು.

ನಾನು ಮದುವೆಯಾಗಿ ಪಲ್ಲಾವರಂಗೆ ಬಂದದ್ದು ಐವತ್ತನಾಲ್ಕರಲ್ಲಿ. ರೈಲುಹಳಿಯ ಆಚೆ, ತಾಳೆಮರಗಳ ನಡುವೆ ಇಪ್ಪತ್ತೆರಡು ಒಂದೇ ಅಚ್ಚಿನ ಮನೆಗಳು. ಸರ್ಕಾರಿ ಪಿಂಚಣಿದಾರರೇ ಸೊಸೈಟಿ ಮಾಡಿಕೊಂಡು ಕಟ್ಟಿಸಿದ ಕಾಲೊನಿ. ಪಿಂಚಣಿದಾರನಿಗೆ ಮಾತ್ರ ಮನೆ. ಅವನ ನಂತರ ಹೆಂಡತಿ ಇರುವವರೆಗೆ ಅವಳಿಗೆ. ಆಮೇಲೆ ಮನೆ ಸೊಸೈಟಿಗೆ ವಾಪಸು, ಇನ್ನೊಬ್ಬ ಪಿಂಚಣಿದಾರನಿಗೆ. ನನ್ನ ಮಾವನವರು ಖಜಾನೆಯಲ್ಲಿದ್ದು ನಿವೃತ್ತರಾದವರು, ಅತ್ತೆ ಇರಲಿಲ್ಲ. ಮಾವನವರನ್ನು ನೋಡಿಕೊಳ್ಳಲು ಎಂದು ವಿಶೇಷ ಅನುಮತಿ ಪಡೆದು ನಾವು ಗಂಡಹೆಂಡಿರು ಅವರ ಜೊತೆಗಿದ್ದೆವು. ಇಡೀ ಕಾಲೊನಿಯಲ್ಲಿ ತಲೆ ಕಪ್ಪಗಿದ್ದವರು ನಾವಿಬ್ಬರೇ.

ಸ್ಟೇಷನ್ ಮಾಸ್ಟರು ಸೊಸೈಟಿಯ ಕಾರ್ಯದರ್ಶಿ. ಅವರು ಮಾಡಿದ ಮೊದಲ ಕೆಲಸ, ಇಡೀ ಕಾಲೊನಿಗೆ ಒಂದೇ ಇಂಗ್ಲಿಷ್ ಪೇಪರು ಎಂದು ಗೊತ್ತು ಮಾಡಿದ್ದು. ಮನೆಗೆ ಅರ್ಧ ಗಂಟೆ. ಓದಿದವರು ಎದ್ದು ಹೋಗಿ ಪಕ್ಕದ ಮನೆಯವರ ಕೈಗೇ ಕೊಡಬೇಕು. ಜಗುಲಿಯ ಮೇಲೆ ಇಟ್ಟು ಬರುವಂತಿಲ್ಲ, ಕಿಟಕಿಯಲ್ಲಿ ಸಿಕ್ಕಿಸುವಂತಿಲ್ಲ. ಕೊಡುವಾಗ, ಮುಂದಿನ ಹಳಿ ತೆರವಿದೆಯೇ ಎಂದು ರೈಲ್ವೆಯಲ್ಲಿ ಕೇಳುವ ಹಾಗೆ, "ಲೈನ್ ಕ್ಲಿಯರಾ?" ಎಂದು ಕೇಳಬೇಕು, ತೆಗೆದುಕೊಳ್ಳುವವರು "ಕ್ಲಿಯರ್" ಎನ್ನಬೇಕು. ಇವತ್ತು ಒಂದನೇ ಮನೆಯಿಂದ ಹೊರಟರೆ ನಾಳೆ ಎರಡನೇ ಮನೆಯಿಂದ, ಯಾರಿಗೂ ದಿನಾ ಸಂಜೆಯ ಹಳಸಲು ಸುದ್ದಿ ಬೇಡವೆಂದು. ಇಂಗ್ಲಿಷ್ ಬಾರದ ವಿಧವೆಯರ ಮನೆಗೂ ಪೇಪರು ಹೋಗಲೇಬೇಕು. ಹದಿನಾಲ್ಕನೇ ಮನೆಯ ತಮಿಳು ಅಜ್ಜಿ, ಎಲ್ಲರ ಬಾಯಲ್ಲೂ ಪಾಟಿ, ಅರ್ಧ ಗಂಟೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದು, ನಂತರ ಗಂಭೀರವಾಗಿ ಪಕ್ಕದ ಹದಿನೈದನೇ ಮನೆಗೆ, ಎಂದರೆ ನಮ್ಮ ಮನೆಗೆ, ತರುತ್ತಿದ್ದರು.

ಜನ ಆಡಿಕೊಂಡರು. ಎಂಜಲು ಕೈಯಲ್ಲಿ ಕಾಗೆ ಓಡಿಸದವರು, ಒಂದು ಪೇಪರಿಗೂ ಜಿಪುಣತನ ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ವರ್ಷ ಕಳೆಯುವಷ್ಟರಲ್ಲಿ ಅದರ ಗುಟ್ಟು ತಿಳಿಯಿತು. ಯಾರ ಮನೆಯಲ್ಲಿ ಸಕ್ಕರೆ ಮುಗಿದಿದೆ, ಯಾರಿಗೆ ನಿದ್ರೆ ಬಂದಿಲ್ಲ, ಯಾರ ಮಗನಿಂದ ಕಾಗದ ಬಂದಿಲ್ಲ, ಎಲ್ಲ ಪೇಪರಿನ ಜೊತೆಗೇ ಮನೆಯಿಂದ ಮನೆಗೆ ಸಾಗುತ್ತಿತ್ತು. ಮೂರನೇ ಮನೆಯ ನಿವೃತ್ತ ಜಡ್ಜಿಗೂ ಅವರ ಪಕ್ಕದ ಡಾಕ್ಟರಿಗೂ ಒಂದು ನುಗ್ಗೆಮರದ ನೆವದಲ್ಲಿ ಜಗಳವಾಗಿ ಮಾತು ನಿಂತಿತ್ತು. ಎಂಟು ತಿಂಗಳು ಅವರಿಬ್ಬರ ನಡುವೆ ನಡೆದದ್ದು "ಲೈನ್ ಕ್ಲಿಯರಾ?", "ಕ್ಲಿಯರ್" ಇಷ್ಟೇ. ಒಂಬತ್ತನೇ ತಿಂಗಳಲ್ಲಿ ಜಡ್ಜಿಗೆ ಗಂಟಲು ಕಟ್ಟಿ "ಕ್ಲಿಯರ್" ಹೊರಡಲಿಲ್ಲ. ಡಾಕ್ಟರು ಅಲ್ಲೇ ಬಾಯಿ ತೆಗೆಸಿ ನೋಡಿ, ಮನೆಗೆ ಹೋಗಿ ಔಷಧಿ ತಂದುಕೊಟ್ಟರು. ಮಾರನೆಯ ದಿನ ಜಡ್ಜಿಯ ಮನೆಯಿಂದ ನುಗ್ಗೆಕಾಯಿ ಹೋಯಿತು.

ಐವತ್ತಮೂರರಲ್ಲಿ ಆಂಧ್ರ ಬೇರೆಯಾಗಿತ್ತು, ಐವತ್ತಾರರಲ್ಲಿ ಉಳಿದ ರಾಜ್ಯಗಳೂ ಭಾಷೆಯ ಮೇಲೆ ಭಾಗವಾದವು. ಅದರಿಂದ ನಮ್ಮ ಕಾಲೊನಿಗೆ ಏಟು ಬೀಳುತ್ತದೆಂದು ಯಾರೂ ಎಣಿಸಿರಲಿಲ್ಲ. ಮೊದಲಾದರೆ ಬಳ್ಳಾರಿಯವರು, ಮಂಗಳೂರಿನವರು, ಕರ್ನೂಲಿನವರು ಎಲ್ಲರೂ ಮದ್ರಾಸಿನ ನೌಕರಿ ಮುಗಿಸಿ ಮದ್ರಾಸಿನಲ್ಲೇ ಉಳಿಯುತ್ತಿದ್ದರು. ಈಗ ಅವರವರ ರಾಜಧಾನಿ ಅವರವರಿಗಾಯಿತು. ಮನೆಗಾಗಿ ಕಾಯುವವರ ಪಟ್ಟಿ ಬರಿದಾಯಿತು. ಒಬ್ಬರು ತೀರಿಕೊಂಡರೆ ಆ ಬಾಗಿಲಿಗೆ ಬೀಗ. ಐವತ್ತೊಂಬತ್ತರ ಹೊತ್ತಿಗೆ ಆರು ಮನೆಗೆ ಬೀಗ ಬಿದ್ದಿತ್ತು. ಅಂಗಳಗಳಲ್ಲಿ ಎಕ್ಕದ ಗಿಡ ಎದ್ದವು. ಪೇಪರು ಹಿಡಿದು ಮೂರು ಖಾಲಿ ಮನೆ ದಾಟಿ ಹೋಗುವುದು ಮುದಿ ಕಾಲುಗಳಿಗೆ ಭಾರವಾಯಿತು.

ಆ ವರ್ಷವೇ ಮಾವನವರೂ ಹೋದರು. ಮೂರನೇ ತಿಂಗಳು ಮಾಸ್ಟರು ನಮ್ಮ ಬಾಗಿಲಿಗೆ ಬಂದು ಒಂದು ನೋಟಿಸನ್ನು, ಪೇಪರು ಹಿಡಿಯುವಷ್ಟೇ ಎತ್ತರಕ್ಕೆ ಹಿಡಿದರು. ಆರು ತಿಂಗಳೊಳಗೆ ಮನೆ ಬಿಡತಕ್ಕದ್ದು.

ನನ್ನ ಗಂಡನಿಗೆ ಹಾರ್ಬರಿನಲ್ಲಿ ಗುಮಾಸ್ತೆ ಕೆಲಸ. ನಮ್ಮ ಕೈಗೆ ಎಟುಕುವ ಮನೆ ರಾಯಪುರಂನಲ್ಲಿ ಒಂದೇ ಒಂದು ಸಿಕ್ಕಿತ್ತು, ಕಲ್ಲಿದ್ದಲು ಇಳಿಸುವ ಅಂಗಳದ ಬೆನ್ನಿಗೆ. ಮೂರು ವರ್ಷದ ಮಗಳಿಗೆ ದಮ್ಮು. ಒಣಗಾಳಿಯ ಪಲ್ಲಾವರಂನಲ್ಲೇ ಅವಳ ಎದೆ ಗೊರಗೊರ ಎನ್ನುತ್ತಿತ್ತು. ಆ ಕರಿಯ ಧೂಳಿಗೆ ಕರೆದುಕೊಂಡು ಹೋದರೆ ಮಗು ನಿಮಗೆ ದಕ್ಕುವುದಿಲ್ಲ ಎಂದು ಕಾಲೊನಿಯ ಡಾಕ್ಟರೇ ಹೇಳಿದ್ದರು.

"ಐದು ವರ್ಷದಿಂದ ದಿನಾ ನಿಮ್ಮ ಪೇಪರ್ ಹೊತ್ತಿದೀನಿ ಮಾಮಾ. ಈಗ ನಮ್ಮನ್ನೇ ಓಡಿಸ್ತೀರಾ?"

"ರೂಲ್ ಅಂದ್ರ ರೂಲವ್ವಾ. ಒಬ್ಬರಿಗೆ ಬಿಟ್ರ ನಾಳೆ ಎಲ್ಲಾರೂ ಮಕ್ಕಳು ಮರಿ ತಂದು ತುಂಬ್ತಾರ. ಆಮ್ಯಾಲೆ ಇದು ಪಿಂಚಣಿದಾರರ ಕಾಲೊನಿ ಆಗಿ ಉಳಿಯಂಗಿಲ್ಲ."

ಹೇಳುವಾಗ ಅವರ ಮುಖದಲ್ಲಿ ದಯೆ ಇರಲಿಲ್ಲವೆಂದು ಹೇಳಲಾರೆ. ಆದರೆ ದಯೆಯಿಂದ ನನಗೇನಾಗಬೇಕಿತ್ತು? ಅವತ್ತಿನಿಂದ ನಾನು "ಕ್ಲಿಯರ್" ಎನ್ನುವುದನ್ನು ಹಲ್ಲು ಕಚ್ಚಿಕೊಂಡೇ ಎನ್ನುತ್ತಿದ್ದೆ.

ಅದು ಒಂದು ಶುಕ್ರವಾರ, ಪಲ್ಲಾವರಂ ಸಂತೆಯ ದಿನ. ಮಾಸ್ಟರದು ಒಂಬತ್ತನೇ ಮನೆ. ಹತ್ತನೆಯದರಲ್ಲಿ ಒಬ್ಬ ನಿವೃತ್ತ ತಹಸೀಲ್ದಾರರು ಒಂಟಿಯಾಗಿದ್ದರು. ಮುಂದಿನ ಮೂರಕ್ಕೆ ಬೀಗ, ಆಮೇಲೆ ಪಾಟಿ, ಆಮೇಲೆ ನಾವು. ಹನ್ನೊಂದಕ್ಕೆ ಬರಬೇಕಾದ ಪೇಪರು ಒಂದು ಗಂಟೆಯಾದರೂ ಬರಲಿಲ್ಲ. ಪಾಟಿಯನ್ನು ಕೇಳಿದೆ.

"ಇನ್ನುಂ ವರಲೆಯೇ ಅಮ್ಮಾ. ತಾಸಿಲ್ದಾರ್ ತೂಂಗರಾರೋ ಎನ್ನವೋ" ಎಂದರು ಪಾಟಿ. ಇನ್ನೂ ಬಂದಿಲ್ಲ, ತಹಸೀಲ್ದಾರರು ನಿದ್ರೆ ಹೋಗಿರಬೇಕು ಅಂತ. ಖಾಲಿ ಮನೆಗಳಾದ ಮೇಲೆ ಪೇಪರು ತಡವಾಗುವುದು ಅಭ್ಯಾಸವಾಗಿಬಿಟ್ಟಿತ್ತು, ಪಾಟಿಯದೇನೂ ತಪ್ಪಿಲ್ಲ.

ನಾನು ಹೋಗಿ ನೋಡಿದೆ. ತಹಸೀಲ್ದಾರರ ಬಾಗಿಲಿಗೆ ಒಳಗಿನಿಂದ ಅಗಣಿ. ಬಾಗಿಲ ಕೆಳಗೆ ಪೇಪರು, ಅರ್ಧ ಒಳಗೆ, ಅರ್ಧ ಹೊರಗೆ. ಉದ್ದಕ್ಕೆ ಮೂರು ಮಡಿಕೆ. ಹಾಗೆ ಮಡಿಸುವವರು ಮಾಸ್ಟರೊಬ್ಬರೇ ಎಂದು ಕಾಲೊನಿಯಲ್ಲಿ ಎಲ್ಲರಿಗೂ ಗೊತ್ತು.

ಕೂಗಿದೆ. ಜಡ್ಜಿ ಬಂದರು, ಡಾಕ್ಟರು ಬಂದರು, ಮಾಸ್ಟರೂ ಕುಂಟುತ್ತ ಬಂದರು. ನಾಲ್ಕು ಜನ ಸೇರಿ ನೂಕಿದರೂ ಬಾಗಿಲು ಮಿಸುಕಲಿಲ್ಲ. ನನ್ನನ್ನು ಬಿಟ್ಟು ಎಲ್ಲರಿಗೂ ಅರವತ್ತು ದಾಟಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ರಸ್ತೆಗೆ ಓಡಿ, ಸಂತೆಗೆ ಹೋಗುತ್ತಿದ್ದ ಗಾಡಿಯವರಿಬ್ಬರನ್ನು ಕರೆತಂದೆ. ಅವರು ಭುಜ ಕೊಟ್ಟು ಎರಡೇ ಏಟಿಗೆ ಬಾಗಿಲು ಮುರಿದರು. ತಹಸೀಲ್ದಾರರು ಬಚ್ಚಲಲ್ಲಿ ಬಿದ್ದಿದ್ದರು. ಮೈ ಇನ್ನೂ ಬೆಚ್ಚಗಿತ್ತು. ಡಾಕ್ಟರು ನಾಡಿ ಹಿಡಿದು, ರೆಪ್ಪೆ ಎತ್ತಿ ನೋಡಿ, "ಬೆಳಿಗ್ಗೆ ಬಿದ್ದಿದಾರೆ. ಮಧ್ಯಾಹ್ನದವರೆಗೂ ಜೀವ ಇತ್ತು" ಎಂದರು. ಮಾಸ್ಟರು ಬಾಗಿಲ ಬಳಿ ಬಗ್ಗಿ ಪೇಪರನ್ನು ಎತ್ತಿಕೊಂಡರು. ಎದ್ದವರು ನನ್ನನ್ನು ನೋಡಿದರು.

ಮುಂದಿನ ಭಾನುವಾರ ಸೊಸೈಟಿಯ ಮಹಾಸಭೆ. ನಮ್ಮ ವಾಯಿದೆ ವಿಸ್ತರಿಸಬೇಕೆಂಬ ಅರ್ಜಿಯೂ ಅದರಲ್ಲಿತ್ತು. ನಾನು ಬಾಯಿ ಬಿಡಲೆಂದೇ ಹೋಗಿದ್ದೆ, ಸುಳ್ಳೇಕೆ ಹೇಳಲಿ? ರೂಲ್ ಅಂದರೆ ರೂಲ್ ಎಂದವರು ತಮ್ಮ ರೂಲನ್ನು ತಾವೇ ಮುರಿದು ಒಬ್ಬರ ಜೀವ ಕಳೆದರು, ಇಂಥವರು ನನ್ನ ಮಗುವನ್ನು ಧೂಳಿಗೆ ತಳ್ಳುತ್ತಾರಾ ಎಂದು ಎಲ್ಲರ ಮುಂದೆ ಕೇಳಬೇಕೆಂದು ರಾತ್ರಿಯಿಡೀ ಮಾತು ಜೋಡಿಸಿದ್ದೆ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕಾದೆ.

ನಾನು ಏಳುವ ಮೊದಲು ಅವರೇ ಎದ್ದರು.

"ಶುಕ್ರವಾರ ನನ್ನ ಮೊಣಕಾಲು ಬಾತಿತ್ತು. ತಹಸೀಲ್ದಾರರನ್ನ ಎರಡು ಸಲ ಕೂಗಿದೆ. ಜಳಕ ಮಾಡ್ತಿರಬೇಕು ಅಂದ್ಕೊಂಡು, ಮೆಟ್ಟಿಲದ ಮ್ಯಾಲೆ ನಿಂದ್ರಲಾರದ, ಪೇಪರ್ ಬಾಗಿಲ ಕೆಳಗ ತುರುಕಿ ಬಂದೆ. ಕೈಯಾಗ ಕೊಡಲಿಲ್ಲ, ಕ್ಲಿಯರ್ ಅನ್ನಿಸ್ಕೊಳ್ಳಲಿಲ್ಲ. ರೈಲ್ವೇದಾಗ ಹಿಂಗ ಮಾಡಿದ್ರ ಸಸ್ಪೆಂಡ್ ಮಾಡ್ತಿದ್ರು. ಇಲ್ಲಿ ಮಾಡಾವ್ರು ಯಾರೂ ಇಲ್ಲ. ಅದಕ್ಕ ನನ್ನ ನಾನೇ ಮಾಡ್ಕೊಳ್ತೀನಿ. ಕಾರ್ಯದರ್ಶಿ ಕೆಲಸ ಇವತ್ತಿಗೆ ಬಿಟ್ಟೆ."

ಸಭೆಯಲ್ಲಿ ಗುಲ್ಲೆದ್ದಿತು. ಅವರು ಸೊಟ್ಟ ಕೈ ಎತ್ತಿದರು.

"ಇನ್ನೊಂದು ಮಾತೈತಿ. ಮಕ್ಕಳು ಮರಿ ಬ್ಯಾಡ ಅಂತ ರೂಲ್ ಬರದಾವ ನಾನೇ. ಶಾಂತಿ ಇರತೈತಿ ಅಂದ್ಕೊಂಡಿದ್ದೆ. ಮನ್ನೆ ನಾಕು ಮಂದಿ ಸೇರಿ ಒಂದು ಬಾಗಿಲ ಮುರಿಯಾಕ ಆಗಲಿಲ್ಲ. ಬೀಗ ಬಿದ್ದ ಮನಿಗಳನ್ನ ದುಡಿಯೋ ಸಂಸಾರಗಳಿಗೆ ಕೊಡ್ರಿ. ಹದಿನೈದನೇ ಮನಿ ನೋಟಿಸ್ ಹಿಂದಕ್ಕ ತಗೊಳ್ರಿ."

"ಇದು ಸರಿಪ್ಪಡೋದಿಲ್ಲ ಮಾಸ್ಟರೇ" ಎಂದರು ಜಡ್ಜಿ. ಅವರದು ಮೂರು ತಲೆಮಾರಿನ, ತಮಿಳು ಬೆರೆತ ಮದ್ರಾಸಿನ ಕನ್ನಡ. "ಬೈಲಾ ಅಂತ ಒಂದಿದೆ. ನಾಳೆ ಹುಡುಗ ಪಸಂಗಳೆಲ್ಲಾ ಸೇರಿ ಕಿಟಕಿ ಗ್ಲಾಸ್ ಒಡೀತಾರೆ. ಪೀಸ್‌ಫುಲ್ಲಾಗಿ ಇರೋಣ ಅಂತ ತಾನೇ ಇಲ್ಲಿಗೆ ಬಂದದ್ದು?"

"ತಹಸೀಲ್ದಾರರ ಮನ್ಯಾಗ ಶುಕ್ರವಾರ ಭಾಳ ಶಾಂತಿ ಇತ್ರಿ" ಎಂದರು ಮಾಸ್ಟರು.

ಜಡ್ಜಿ ಕೂತುಕೊಂಡರು. ಕೈ ಎತ್ತಿಸಿದಾಗ ಎರಡೇ ಮತ ಹೆಚ್ಚಾಗಿ ಠರಾವು ಪಾಸಾಯಿತು. ಪಾಟಿ ಏನೂ ಅರ್ಥವಾಗದಿದ್ದರೂ ನನ್ನ ಮಗಳ ಕಡೆ ನೋಡಿ ಎರಡೂ ಕೈ ಎತ್ತಿದ್ದರು, ಒಂದನ್ನೇ ಎಣಿಸಿದರು. ನಾನು ಜೋಡಿಸಿಟ್ಟುಕೊಂಡಿದ್ದ ಮಾತು ಯಾವುದೂ ಬೇಕಾಗಲಿಲ್ಲ. ನಾಚಿಕೆಯೂ ಆಯಿತು, ಅಳುವೂ ಬಂತು.

ಮುಂದೆ ಎರಡು ವರ್ಷದಲ್ಲಿ ಬೀಗಗಳೆಲ್ಲ ತೆರೆದವು. ಸ್ಕೂಲು ಮಾಸ್ತರಿಣಿಯೊಬ್ಬಳು ತಹಸೀಲ್ದಾರರ ಮನೆಗೆ ಬಂದಳು. ಮಕ್ಕಳು ಬಂದವು, ಕಿಟಕಿ ಗಾಜುಗಳೂ ಒಡೆದವು. ಮೊದಲನೆಯದು ಜಡ್ಜಿಯ ಮನೆಯದೇ. ಆಮೇಲೆ ಅವರೇ ಕುರ್ಚಿ ಹಾಕಿಕೊಂಡು ಕ್ರಿಕೆಟ್ಟಿಗೆ ಅಂಪೈರಾದರು. ಅವರ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಹೊಸಬರಲ್ಲಿ ಕೆಲವರು ತಮ್ಮದೇ ಪೇಪರು ತರಿಸಿಕೊಂಡರು. ಆದರೂ ಕಾಲೊನಿಯ ಪೇಪರು ನಿಲ್ಲಲಿಲ್ಲ. ಅದರ ಉಸ್ತುವಾರಿ ನನಗೆ ಬಂತು.

ಮಾಸ್ಟರು ಮಾತ್ರ ಮತ್ತೆ ಪೇಪರು ಹೊರಲಿಲ್ಲ. "ಸಸ್ಪೆಂಡ್ ಆದಾವ ಟೋಕನ್ ಒಯ್ಯಬಾರದವ್ವಾ" ಎನ್ನುತ್ತಿದ್ದರು. ಒಂಬತ್ತನೇ ಮನೆಯಿಂದ ಹತ್ತನೆಯದಕ್ಕೆ ಪೇಪರು ದಾಟಿಸಲು ದಿನಾ ನಾನೇ ಹೋಗಬೇಕಾಗಿತ್ತು. ಈ ಸಸ್ಪೆನ್ಷನ್ ಎಷ್ಟು ವರ್ಷದ್ದು ಎಂದು ಒಮ್ಮೆ ತಮಾಷೆ ಮಾಡಿದೆ. ಅವರು ನಗಲಿಲ್ಲ. ಅರ್ಧ ಗಂಟೆಗೆ ಸರಿಯಾಗಿ ಬಾಗಿಲಲ್ಲಿ ನಿಂತಿರುತ್ತಿದ್ದರು, ಕೈ ಎತ್ತರಕ್ಕೆ. ಒಂಬತ್ತು ವರ್ಷ ಹಾಗೆ ನಡೆಯಿತು.

ಅರವತ್ತೆಂಟರ ಚಳಿಗಾಲದಲ್ಲಿ ಅವರು ಸೊರಗಿದರು. ಒಂದು ಬೆಳಿಗ್ಗೆ ಹೋದಾಗ ಬಾಗಿಲಲ್ಲಿರಲಿಲ್ಲ, ಒಳಗೆ ಮಂಚದ ಮೇಲಿದ್ದರು. ಪೇಪರು ಎದೆಯ ಮೇಲಿತ್ತು, ಬಿಚ್ಚಿರಲಿಲ್ಲ.

"ಲೈನ್ ಕ್ಲಿಯರಾ ಮಾಮಾ?" ಎಂದು ಈ ಸಲ ನಾನೇ ಕೇಳಿದೆ.

"ಇಲ್ಲವ್ವಾ" ಎಂದರು.

ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಪಕ್ಕದಲ್ಲಿ ಕೂತೆ. ನೀರು ಕೊಟ್ಟೆ. ಡಾಕ್ಟರನ್ನು ಕರೆಯಲು ಎದ್ದರೆ ಸೊಟ್ಟ ಕೈ ನನ್ನ ಮಣಿಕಟ್ಟು ಹಿಡಿಯಿತು.

"ಕೂಡು. ಎಲ್ಲಾರೂ ಬರ್ತಾರ" ಎಂದರು.

ಅರ್ಧ ಗಂಟೆ ಕಳೆದ ಮೇಲೆ ಹತ್ತನೇ ಮನೆಯ ಮಾಸ್ತರಿಣಿ ಬಂದಳು, ಪೇಪರು ಬಂದಿಲ್ಲವೆಂದು. ಬಂದವಳು ಅಲ್ಲೇ ನಿಂತಳು. ಅವಳಿಂದ ಬರಲಿಲ್ಲವೆಂದು ಹನ್ನೊಂದನೇ ಮನೆಯವರು ಬಂದರು, ಅವರಿಂದ ಬರಲಿಲ್ಲವೆಂದು ಹನ್ನೆರಡನೆಯವರು. ಪಾಟಿ ಗೋಡೆ ಹಿಡಿದುಕೊಂಡು ಬಂದರು. ಡಾಕ್ಟರನ್ನು ಯಾರೋ ಕರೆತಂದರು. ಜಡ್ಜಿ ಅಂಪೈರಿನ ಟೋಪಿಯಲ್ಲೇ ಬಂದರು. ಮಧ್ಯಾಹ್ನದ ಹೊತ್ತಿಗೆ ನಡುಮನೆ, ಜಗುಲಿ, ಅಂಗಳ ಎಲ್ಲ ತುಂಬಿತ್ತು, ಮಕ್ಕಳು ಕಿಟಕಿಯ ಸರಳು ಹಿಡಿದು ನಿಂತಿದ್ದವು. ಮಾಸ್ಟರು ಕಣ್ಣು ತೆರೆದು ಒಬ್ಬೊಬ್ಬರನ್ನೇ ನೋಡಿದರು. ಎಣಿಸುತ್ತಿದ್ದಾರೆಂದು ನನಗೆ ತಿಳಿಯಿತು.

ಇಪ್ಪತ್ತೆರಡೂ ಮನೆಯವರು ಬಂದ ಮೇಲೆ ಪೇಪರನ್ನು ಎದೆಯ ಮೇಲಿಂದ ಎತ್ತಿ ನನ್ನ ಕಡೆ ಹಿಡಿದರು. ಮಲಗಿದ್ದರಿಂದಲೋ ಏನೋ, ಆ ಕೈ ಎತ್ತರಕ್ಕೆ ಏಳಲಿಲ್ಲ. ಮೊದಲ ಸಲ ನಾನು ಬಗ್ಗಿ ಇಸಿದುಕೊಂಡೆ.