ಒಂದು ಹನಿ ನೀರಿನ ಲೆಕ್ಕ

ಸಂಸ್ಥೆಯ ಮೂರನೆಯ ಮಹಡಿಯಲ್ಲಿ ಅಕ್ಕ, ನೆಲಮಹಡಿಯ ಪ್ರಯೋಗಾಲಯದಲ್ಲಿ ತಂಗಿ. ಇಬ್ಬರೂ ರಸಾಯನಶಾಸ್ತ್ರದವರೇ. ಆದರೆ ಅಕ್ಕ ಗಾಜಿನ ನಳಿಕೆ ಮುಟ್ಟಿದವಳಲ್ಲ. ಪರಮಾಣುಗಳ ನಡುವಿನ ಬಂಧ ಎಲ್ಲಿ ಸಡಿಲವಾಗುತ್ತದೆ, ಯಾವ ಲೋಹ ಅದನ್ನು ಬಿಡಿಸಬಲ್ಲದು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕಸುಬು. ವಿದ್ಯಾರ್ಥಿಗಳು ಅವಳನ್ನು ಲೆಕ್ಕದಕ್ಕ ಎನ್ನುತ್ತಿದ್ದರು.

ಕಾರ್ಖಾನೆಯ ಹೊಗೆಯನ್ನು ಇಂಧನವಾಗಿಸುವ ವೇಗವರ್ಧಕ, ಅಂದರೆ ತಾನು ಸವೆಯದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ಅಗ್ಗದ ಲೋಹದಲ್ಲಿ ಸಿಗಬೇಕೆಂದು ಕೂದಲು ನರೆಯುವವರೆಗೂ ದುಡಿದಿದ್ದಳು. ಸಿಕ್ಕಿದ್ದು ತಂಗಿಗೆ, ಅದೂ ಇನ್ನೇನೋ ಮಾಡಲು ಹೋಗಿ.

"ಅವಳ ಕೈಗುಣವೇ ಹಾಗೆ," ಎಂದರು ಅಮ್ಮ, ಊಟಕ್ಕೆ ಕೂತಾಗ. "ಒಣಕಡ್ಡಿ ನೆಟ್ರೂ ಚಿಗುರ್ತಿತ್ತು."

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ," ಎಂದಳು ಅಕ್ಕ.

ತಂಗಿ ನಕ್ಕಳು. "ಹೇಗಾದ್ರೂ ಆಗ್ಲಿ ಅಕ್ಕ, ಕೊಂಬೆ ಮುರೀತಲ್ಲ."

ಆ ನಗು ಅಕ್ಕನನ್ನು ಬೈಗುಳಕ್ಕಿಂತ ಹೆಚ್ಚು ಉರಿಸಿತು.

ಮರುದಿನವೇ ತಂಗಿಯ ವೇಗವರ್ಧಕವನ್ನು ಲೆಕ್ಕಕ್ಕೆ ಹಚ್ಚಿದಳು. ಅದು ಅಸಾಧ್ಯ ಎಂದು ತೋರಿಸಬೇಕಿತ್ತು. ಲೆಕ್ಕವೂ ಹಾಗೇ ಹೇಳಿತು: ಬಂಧ ಬಿಚ್ಚಲು ಹತ್ತಬೇಕಾದ ಶಕ್ತಿಯ ಏರು ತೀರಾ ಕಡಿದು. ಅವಳಿಗೆ ಹಿಗ್ಗೋ ಹಿಗ್ಗು. ಆದರೆ ಕೆಳಗೆ ಅದು ಕೆಲಸ ಮಾಡುತ್ತಲೇ ಇತ್ತು. ವಾರಗಟ್ಟಲೆ ತಿಣುಕಿದ ಮೇಲೆ, ಒಂದು ಬೆಳಿಗ್ಗೆ ಲೆಕ್ಕದಲ್ಲಿ ಲೋಹದ ಪಕ್ಕ ಒಂದು ನೀರಿನ ಅಣುವನ್ನು ಇಟ್ಟು ನೋಡಿದಳು. ನೀರು ಹೈಡ್ರೋಜನ್ನನ್ನು ಈ ಕಡೆಯಿಂದ ಇಸಿದುಕೊಂಡು ಆ ಕಡೆಗೆ ದಾಟಿಸಿತು, ಏರು ತಗ್ಗಿಹೋಯಿತು. ತಂಗಿಯ ಅನಿಲದಲ್ಲಿ, ಅವಳಿಗೇ ತಿಳಿಯದಂತೆ, ತೇವ ಉಳಿದಿತ್ತು.

ಅಂದೇ ಮಧ್ಯಾಹ್ನ, ವೇಗವರ್ಧಕವನ್ನು ಕೊಳ್ಳಲು ಮುಂದೆ ಬಂದ ಕಂಪನಿಯವರೆದುರು ದೊಡ್ಡ ಪಾತ್ರೆಯಲ್ಲಿ ಪ್ರದರ್ಶನ. "ಈ ಸಲ ಅನಿಲಾನ ಪೂರ್ತಿ ಒಣಗಿಸ್ತೀನಿ, ಏನೂ ಎಡವಟ್ಟಾಗಬಾರದು," ಎಂದು ತಂಗಿ ಬಸ್ಸಿನಲ್ಲಿ ಹೇಳಿದ್ದಳು.

ಅಕ್ಕ ಕುರ್ಚಿಗೆ ಒರಗಿದಳು. ಸುಮ್ಮನಿದ್ದರೆ ಸಾಕು, ಸುಳ್ಳೂ ಹೇಳಬೇಕಿಲ್ಲ. ತಂಗಿಯ ಪೆಚ್ಚುಮೋರೆಯನ್ನು ಮನಸ್ಸಿನಲ್ಲೇ ಸವಿಯುತ್ತ ಚಹಾ ಮುಗಿಸಿದಳು. ಆಮೇಲೆ ಇನ್ನೊಂದು ಯೋಚನೆ ಚುಚ್ಚಿತು. ಪ್ರಯೋಗ ಕೆಟ್ಟ ಮೇಲೆ ಕಾರಣ ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿಯಾರು. ಹೇಳದಿದ್ದರೆ, ಜೀವಮಾನದಲ್ಲೇ ಅತ್ಯುತ್ತಮವಾದ ಲೆಕ್ಕವನ್ನು ತಾನೇ ಹೂಳಬೇಕು.

ಮೆಟ್ಟಿಲಿಳಿದು ಹೋದಳು.

"ಒಣಗಿಸಬೇಡ. ಅನಿಲ ನೀರೊಳಗಿಂದ ಹಾದು ಬರ್ಲಿ."

"ಈಗ ಹೇಳ್ತೀಯಾ? ಅವರು ಗೇಟಿಗೆ ಬಂದಾಯ್ತು."

"ನಂಬೋದಾದ್ರೆ ನಂಬು."

ತಂಗಿ ಅವಳ ಮುಖವನ್ನೇ ನೋಡಿದಳು. ನಳಿಕೆ ಬದಲಿಸಿ ನೀರಿನ ಸೀಸೆಗೆ ಜೋಡಿಸಿದಳು.

ಕೆಲಸವಾಯಿತು. ಕಂಪನಿಯವರು ತಂಗಿಯ ಕೈ ಕುಲುಕಿದರು.

"ಮಾಡಿದ್ದು ನಾನು ಸಾರ್, ಆದ್ರೆ ಯಾಕೆ ಹೀಗಾಗುತ್ತೆ ಅಂತ ಗೊತ್ತಿರೋದು ನಮ್ಮಕ್ಕನಿಗೆ," ಎಂದು ತಂಗಿ ಅವಳನ್ನು ಮುಂದಕ್ಕೆಳೆದಳು.

ಎಲ್ಲರೂ ಅಕ್ಕನತ್ತ ತಿರುಗಿದರು. ಬಯಸಿದ್ದು ಇದನ್ನೇ. ಆದರೆ ಕೊಟ್ಟವಳು ತಂಗಿ, ಅದೂ ಕ್ಷಣವೂ ಯೋಚಿಸದೆ. ಇಷ್ಟು ಸಲೀಸಾಗಿ ಕೊಡುವ ಮನಸ್ಸು ಇವಳಿಗೆಲ್ಲಿಂದ ಬಂತು ಎಂದು ಹೊಟ್ಟೆ ಉರಿಯುತ್ತಿರುವಾಗಲೇ ಅಕ್ಕ ಸೀಮೆಸುಣ್ಣ ಎತ್ತಿಕೊಂಡು ವಿವರಿಸತೊಡಗಿದಳು.