ಅವರು ಓಡಿಸಿದ ಹುಲಿ

ಅದು ಕುರಿ ತೊಳೆಯುವ ದಿನ. ಮರುದಿನ ತುಪ್ಪಟ ಕತ್ತರಿಸಲು ಇಬ್ಬರು ಬರುವವರಿದ್ದರು. ಅದಕ್ಕೂ ಮೊದಲು ಕುರಿಗಳನ್ನು ನೀರಿಗಿಳಿಸಿ ಉಣ್ಣೆಯ ಮಣ್ಣು ಬಿಡಿಸಬೇಕು, ಇಲ್ಲದಿದ್ದರೆ ಕತ್ತರಿ ಬೇಗ ಮೊಂಡಾಗುತ್ತದೆ. ನಮ್ಮ ಮನೆಯವರು ಮತ್ತು ನನ್ನ ಮೈದುನ ಬೆಳಿಗ್ಗೆಯಿಂದ ಗುಡೇಕೋಟೆಯ ಹತ್ತಿರ ಒಂದು ಕೆರೆಯಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಒಂದೊಂದೇ ಕುರಿಯನ್ನು ಉಜ್ಜಿ ದಂಡೆಗೆ ತಳ್ಳುತ್ತಿದ್ದರು. ಮಧ್ಯಾಹ್ನ ನಾನು ರೊಟ್ಟಿ, ಶೇಂಗಾ ಚಟ್ನಿ ಒಯ್ದೆ. ಇಬ್ಬರೂ ಒದ್ದೆ ಬಟ್ಟೆಯಲ್ಲೇ ಕುಳಿತು ಉಂಡರು.

"ನಾಳಿ ಹೇಳ್ತೀರಿಲ್ಲ?" ಎಂದು ನಾನು ಕೇಳಿದೆ.

"ಏನು?" ಎಂದರು ನಮ್ಮ ಮನೆಯವರು.

"ಗೊತ್ತಿಲ್ಲದವರಂಗ ಮಾಡಬ್ಯಾಡ್ರಿ."

"ನಾಳಿ ತುಪ್ಪಟ ತೆಗೀಲಿ. ಮೊದಲನೇ ಹಿಡಿ ದೇವರ ಮುಂದ ಇಡು. ಆಮ್ಯಾಲೆ ಕುಂತು ಎಲ್ಲಾ ಹೇಳ್ತೀನಿ. ಇಷ್ಟು ದಿನ ತಡದಾಕಿ, ಒಂದಿನ ತಡಿಯಾಕ ಆಗೂದಿಲ್ಲೇನು?"

ಮೈದುನ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ, "ಹೇಳಿದ್ರೂ ನಂಬಬ್ಯಾಡ ಅತ್ತಿಗಿ. ಅಣ್ಣ ನೋಡಿದ್ದು ಕಾಡುಬೆಕ್ಕು," ಎಂದ.

"ನೀ ಬೆಕ್ಕಿಗೂ ಅಂಜಾವ, ಸುಮ್ಮನ ಉಣ್ಣಲೇ," ಎಂದು ಅವರು ಮಜ್ಜಿಗೆ ಕುಡಿದು ಮತ್ತೆ ನೀರಿಗಿಳಿದರು.

ನಾನು ಕೇಳುತ್ತಿದ್ದದ್ದು ಅವರು ಕಂಡ ಹುಲಿಯ ವಿಷಯ.

ಅವರು ಮೂವತ್ತು ವರ್ಷ ಕುರಿ ಕಾಯ್ದವರು. ನಮ್ಮ ಗುಡ್ಡಗಳಲ್ಲಿ ಕರಡಿ ಇವೆ, ಚಿರತೆ ಇವೆ, ಬಯಲಿನ ಕಡೆ ತೋಳಗಳು ಬರುತ್ತಿದ್ದವು. ಇವೆಲ್ಲವನ್ನೂ ಅವರು ಒಂದಲ್ಲ ಒಂದು ದಿನ ಹಿಂಡಿನ ಹತ್ತಿರದಿಂದ ಓಡಿಸಿದ್ದರು. ಹುಲಿಯನ್ನು ಮಾತ್ರ ಕ್ಯಾಲೆಂಡರಿನಲ್ಲಿ ನೋಡಿದ್ದರು, ದೇವಿಯ ಕೆಳಗೆ. ನನ್ನ ಮಾವನವರು ಸಾಯುವ ತನಕ, "ಹುಲಿ ನೋಡದವ ಅರ್ಧ ಕುರಿಗಾರ," ಎಂದು ಮಗನನ್ನು ಹಂಗಿಸುತ್ತಿದ್ದರು. ತಾವು ಎಲ್ಲಿ ನೋಡಿದ್ದೆಂದು ಯಾರಿಗೂ ಸರಿಯಾಗಿ ಹೇಳುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೂ ಇವರು ಆ ಮಾತನ್ನು ಬಿಡಲಿಲ್ಲ. ತಾವೇ ತಮಗೆ ಅಂದುಕೊಂಡು ನಗುತ್ತಿದ್ದರು.

ನನ್ನ ತಮ್ಮ ಹಗರಿಬೊಮ್ಮನಹಳ್ಳಿಯಲ್ಲಿ ಟೆಂಪೊ ಓಡಿಸುತ್ತಿದ್ದ. ಕುರಿ ತೊಳೆದ ಆ ದಿನಕ್ಕೆ ಐದು ತಿಂಗಳ ಹಿಂದೆ, ನಂಜನಗೂಡಿಗೆ ಹೊರಟ ಒಂದು ಕುಟುಂಬದ ಬಾಡಿಗೆ ಸಿಕ್ಕಾಗ ಎರಡು ಸೀಟು ಉಳಿದವು. "ಮಾವ, ದೇವರನ್ನೂ ನೋಡೋಣು, ಹುಲಿನೂ ನೋಡೋಣು. ಅಲ್ಲಿಂದ ಕಾಡು ಹತ್ರ ಐತಿ," ಎಂದು ಅಕ್ಕನ ಗಂಡನಾದ ಇವರನ್ನು ಒಪ್ಪಿಸಿದ. ಹಿಂಡನ್ನು ಮೈದುನನಿಗೆ ಒಪ್ಪಿಸಿ ಹೊರಟೆವು. ನಮ್ಮ ಮನೆಯವರು ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಬಂದರು. ಕೋಲನ್ನು ಮಾತ್ರ ನಾನು ಬಿಡಿಸಿದೆ.

ಕಾಡಿನೊಳಗೆ ಕರೆದೊಯ್ಯಲು ಒಂದು ಸಣ್ಣ ಬಸ್ಸು ಇತ್ತು. ಬೆಳಗಿನ ಚಳಿಯಲ್ಲಿ ನಮ್ಮ ಟೆಂಪೊದವರೆಲ್ಲ ಹತ್ತಿದೆವು, ಜೊತೆಗೆ ಮೈಸೂರಿನ ಕಡೆಯ ಕೆಲವರು. ಇವರು ಎಡಗಡೆ ಕಿಟಕಿಗೆ ಕುಳಿತರು, ಪಕ್ಕದಲ್ಲಿ ನಾನು. ದಾರಿ ತೋರಿಸುವ ಗೈಡು ಡ್ರೈವರ್ ಪಕ್ಕ ನಿಂತು ಹೇಳಿದರು:

"ಯಾರೂ ಮಾತಾಡ್ಬೇಡಿ. ಕೈ ಹೊರಗೆ ಹಾಕ್ಬೇಡಿ. ಸದ್ದಾದ್ರೆ ಹುಲಿ ನಿಲ್ಲಲ್ಲ."

ಇವರು ನನ್ನ ಕಿವಿಯ ಹತ್ತಿರ ಬಂದು, "ಅದು ನಮಗೂ ಗೊತ್ತೈತಿ. ಮತ್ತ್ಯಾಕ ನಾವು ಜೀವಮಾನ ಎಲ್ಲಾ ಹುಯ್ಕೊಂಡೀವಿ?" ಎಂದರು.

ಒಂದು ಗಂಟೆ ಜಿಂಕೆ, ನವಿಲು, ಒಂದು ಆನೆಯ ಬೆನ್ನು. ಎಲ್ಲರೂ ಮರಗಳ ನಡುವೆ ದೂರಕ್ಕೆ ನೋಡುತ್ತಿದ್ದರೆ ಇವರು ದಾರಿಯ ಅಂಚಿನ ನೆಲವನ್ನೇ ನೋಡುತ್ತಿದ್ದರು. ನಾನು ಮೊಣಕೈಯಿಂದ ತಿವಿದು ಮೇಲೆ ನೋಡಲು ಹೇಳಿದೆ. ಅವರು ನೋಡಲಿಲ್ಲ.

ಆಮೇಲೆ ಬಲಗಡೆ ಎಲ್ಲೋ ಜಿಂಕೆಯೊಂದು ಬಿಟ್ಟು ಬಿಟ್ಟು ಕೂಗತೊಡಗಿತು. ಗೈಡು ಬಸ್ಸು ನಿಲ್ಲಿಸಿದರು. ಹುಲಿ ಓಡಾಡುವಾಗ ಜಿಂಕೆ ಹಾಗೆ ಕೂಗುತ್ತದೆ ಎಂದು ಪಿಸುಗುಟ್ಟಿ ಬಲಗಡೆಯ ಪೊದೆಗಳತ್ತ ಬೆರಳು ತೋರಿಸಿದರು. ಎಲ್ಲರೂ ಆ ಕಡೆ ವಾಲಿದರು. ನಾನೂ ಎದ್ದು ನಿಂತು ಆ ಕಡೆಗೇ ನೋಡಿದೆ.

ಆಗ ನನ್ನ ಬೆನ್ನ ಹಿಂದೆ, "ಹೋಯ್! ಹುರ್ರ್ ಹೋಯ್!" ಎಂಬ ಕೂಗು. ಜೊತೆಗೆ ಅಂಗೈಯಿಂದ ಬಸ್ಸಿನ ತಗಡಿಗೆ ಎರಡು ಏಟು. ಗುಡ್ಡದಿಂದ ಗುಡ್ಡಕ್ಕೆ ಕೇಳಿಸುವ ಅವರ ಕೂಗು ಅದು. ತಿರುಗಿ ನೋಡುವಷ್ಟರಲ್ಲಿ ಎಡಗಡೆ ಎತ್ತರದ ಹುಲ್ಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲುಗುತ್ತಾ ಹೋಯಿತು. ಅಷ್ಟನ್ನೇ ನಾನು ನೋಡಿದ್ದು.

ಬಸ್ಸಿನಲ್ಲಿದ್ದವರೆಲ್ಲ ಇವರ ಕಡೆಗೆ ತಿರುಗಿದರು. ಕ್ಯಾಮೆರಾ ಹಿಡಿದಿದ್ದ ಒಬ್ಬರು, "ಮೂರನೇ ಸಲ ಬಂದಿರೋದು ನಾವು," ಎಂದರು. ಗೈಡು ಬಸ್ಸನ್ನು ಎರಡು ಮಾರು ಹಿಂದಕ್ಕೆ ತೆಗೆಸಿ ದಾರಿಯ ಮಣ್ಣನ್ನು ಬಗ್ಗಿ ನೋಡಿದರು. ಹೊಸ ಹೆಜ್ಜೆಗಳು ಇದ್ದವು.

"ಏನ್ರೀ ಯಜಮಾನ್ರೇ, ಹುಲಿ ತೋರ್ಸೋಕೆ ಕರ್ಕೊಂಡ್ ಬಂದ್ರೆ ಓಡಿಸಿಬಿಟ್ರಲ್ಲ."

"ತಪ್ಪಾತ್ರಿ ಸಾಹೇಬ್ರ. ಬಾಯಿ ನನ್ನ ಮಾತು ಕೇಳಲಿಲ್ಲ. ಮೂವತ್ತು ವರ್ಷ ಅದಕ್ಕ ಅದೇ ಕೆಲಸ."

ಹಿಂದಿನ ಸೀಟಿನಿಂದ ನನ್ನ ತಮ್ಮ, "ಬಸ್ಸಿನ್ಯಾಗ ನಾವೆಲ್ಲಾ ಕುರಿ ಕಂಡಂಗ ಕಂಡೀವೇನೋ ಮಾವಗ," ಎಂದ. ಕ್ಯಾಮೆರಾದವರೂ ನಕ್ಕರು. ಗೈಡು ಸಿಟ್ಟು ಇಳಿದ ಮೇಲೆ, "ಹೋಗ್ಲಿ, ನೀವಾದ್ರೂ ನೋಡಿದ್ರಲ್ಲ. ಹೆಂಗಿತ್ತು ಹೇಳಿ," ಎಂದು ಕೇಳಿದರು. ಇವರು ಕಂಬಳಿ ಸರಿಮಾಡಿಕೊಂಡು, ಹೇಳುವುದಿಲ್ಲ ಎಂಬಂತೆ ತಲೆ ಅಲ್ಲಾಡಿಸಿದರು.

ನಮ್ಮವರಲ್ಲಿ ಒಂದು ರೂಢಿ ಇತ್ತು. ಹಿಂಡಿಗೆ ಕೆಡುಕು ಮಾಡದೆ ಹೋದ ಪ್ರಾಣಿಯ ಸುದ್ದಿಯನ್ನು ತಕ್ಷಣ ಆಡಬಾರದು, ಆಡಿದರೆ ಅದು ಮಾತಿನ ಬೆನ್ನು ಹತ್ತಿ ಹಟ್ಟಿಗೆ ಬರುತ್ತದೆ. ಮುಂದಿನ ತುಪ್ಪಟ ಕತ್ತರಿಸಿ, ಮೊದಲ ಹಿಡಿಯನ್ನು ದೇವರ ಮುಂದೆ ಇಟ್ಟ ಮೇಲೆ ಹೇಳಬಹುದು. ನಮ್ಮ ಹಿಂಡು ಅಲ್ಲಿಂದ ಎಷ್ಟೋ ಹರದಾರಿ ದೂರ ಇತ್ತಲ್ಲ ಎಂದು ನಾನು ವಾದಿಸಿದೆ. "ರೂಢಿಗೆ ದೂರ ಹತ್ರ ಐತೇನು?" ಎಂದರು.

ಆಮೇಲೆ ಐದು ತಿಂಗಳು ಕಳೆದವು. ನಾನು ಆಗಾಗ ಕೇಳುತ್ತಿದ್ದೆ. ಎಷ್ಟು ದೊಡ್ಡದಿತ್ತು, ನಿಮ್ಮನ್ನು ನೋಡಿತೋ ಇಲ್ಲವೋ. ಅವರು ಒಮ್ಮೆ ಮಾತ್ರ, ಮಳೆ ಬಂದು ಮನೆಯಲ್ಲೇ ಉಳಿದಿದ್ದ ಒಂದು ಸಂಜೆ, ಬೀಡಿ ಹಚ್ಚುತ್ತಾ, "ನಮ್ಮಪ್ಪ ಸುಳ್ಳು ಹೇಳಿದ್ದಿಲ್ಲ. ಅದರ ಕಣ್ಣಾಗ..." ಎಂದು ಶುರು ಮಾಡಿದರು. ನಾನು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದೆ. ನಾನು ನಿಲ್ಲಿಸಿದ್ದನ್ನು ನೋಡಿ ಅವರೂ ನಿಲ್ಲಿಸಿದರು. ನಾನು ಹಾಗೇ ತಟ್ಟುತ್ತಾ ಇರಬೇಕಿತ್ತು.

ಕುರಿ ತೊಳೆದ ಮರುದಿನ ಬೆಳಿಗ್ಗೆ ಅವರು ಎದ್ದು, ಹಟ್ಟಿಯ ಬಾಗಿಲ ತನಕ ಹೋಗಿ, ಎದೆ ಹಿಡಿದುಕೊಂಡು ಕುಳಿತರು. ಬಾಡಿಗೆಗೆ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಕೂಡ್ಲಿಗಿಯ ಆಸ್ಪತ್ರೆಗೆ ಹೊರಟೆವು. ಊರು ದಾಟಿ ಸ್ವಲ್ಪ ದೂರಕ್ಕೇ ಅವರ ತಲೆ ನನ್ನ ತೊಡೆಯ ಮೇಲೆ ಭಾರವಾಯಿತು. ದಾರಿಯಲ್ಲಿ ಅವರು ಏನೂ ಮಾತಾಡಲಿಲ್ಲ.

ತುಪ್ಪಟ ಕತ್ತರಿಸುವವರನ್ನು ಆ ದಿನ ವಾಪಸು ಕಳಿಸಿದೆವು. ಅವರು ತೀರಿಹೋಗಿ ಹನ್ನೆರಡು ದಿನ ಕಳೆದ ಮೇಲೆ ಮೈದುನ ಮತ್ತೆ ಕರೆಸಿದ. ಅಷ್ಟರಲ್ಲಿ ಕುರಿಗಳಿಗೆ ಮತ್ತೆ ಮಣ್ಣು ಹತ್ತಿತ್ತು, ಮತ್ತೆ ತೊಳೆಯಬೇಕಾಯಿತು. ಮೊದಲ ಹಿಡಿಯನ್ನು ನಾನೇ ಒಯ್ದು ದೇವರ ಮುಂದೆ ಇಟ್ಟೆ. ಇಟ್ಟು, ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದೆ.

ಕೆಲವು ವರ್ಷಗಳ ಮೇಲೆ ನನ್ನ ತಮ್ಮ ನನ್ನನ್ನು ಅದೇ ಕಾಡಿಗೆ ಮತ್ತೆ ಕರೆದುಕೊಂಡು ಹೋದ. ಬಸ್ಸು ಬೇರೆ, ಗೈಡು ಬೇರೆ. ನಾನು ಎಡಗಡೆ ಕಿಟಕಿಗೆ ಕುಳಿತೆ. ಆ ದಿನ ಹುಲಿ ಕಂಡಿತು. ನೀರಿನ ಹೊಂಡದ ಆಚೆ ದಡದಲ್ಲಿ ಮಲಗಿತ್ತು, ಬಾಲದಿಂದ ನೊಣ ಓಡಿಸುತ್ತಿತ್ತು. ನಮ್ಮ ಕಡೆ ನೋಡಲಿಲ್ಲ. ಯಾರೂ ಕೂಗಲಿಲ್ಲ. ಎಲ್ಲರೂ ಸಾಕಾಗುವ ತನಕ ನೋಡಿದರು.

"ಸಮಾಧಾನ ಆತೇನಕ್ಕ?" ಎಂದು ತಮ್ಮ ಕೇಳಿದ.

"ಛಲೋ ಇತ್ತು," ಎಂದೆ.

ಹುಲಿಯನ್ನು ನಾನು ನೋಡಿದ್ದೇನೆ. ನಮ್ಮ ಮನೆಯವರು ಅವತ್ತು ಅದರ ಕಣ್ಣಿನಲ್ಲಿ ನೋಡಿದ್ದು ಏನೆಂದು ನನಗೆ ಗೊತ್ತಿಲ್ಲ.