ನಾನು ತಿರುಗಿಸಿದ ಕಾಲು ಸುತ್ತು

ಮಗಳು ಶಾಲೆಯ ಕ್ರಿಕೆಟ್ ತಂಡಕ್ಕೆ ಸೇರಿದಳೆಂದು ಹೋದ ತಿಂಗಳು ಹೊಸ ಬ್ಯಾಟು ತಂದೆವು. ಅದಕ್ಕೆ ಅಗಸೆ ಎಣ್ಣೆ ಸವರಬೇಕಂತೆ. ಸೌದಿಯ ಅಲ್ ಖೋಬರಿನ ನಮ್ಮ ಫ್ಲಾಟಿನ ಹಾಲಿನಲ್ಲಿ ಹಳೆಯ ಪೇಪರು ಹಾಸಿಕೊಂಡು ಅವಳು ಬಾಟಲಿಯ ಮುಚ್ಚಳ ತೆರೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಬಾಲ್ಕನಿಗೆ ಹೋಗಿ ನಿಂತೆ. “ಪಪ್ಪಾ, ಸ್ಮೆಲ್ ಜಾಸ್ತಿ ಆಯ್ತಾ?” ಎಂದು ಕೇಳಿದಳು. ಹೌದು ಎಂದೆ. ನಿಜ ಹೇಳುವ ಅಭ್ಯಾಸ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಆ ವಾಸನೆ ಒಂದು ಕಾಲಕ್ಕೆ ಒಬ್ಬರ ಕೈಯಿಂದ ಬರುತ್ತಿತ್ತು. ಅವರು ಮಂಗಳೂರು ಕಡೆಯ ಬ್ಯಾರಿ, ಇಲ್ಲಿನ ಒಂದು ಫರ್ನಿಚರ್ ವರ್ಕ್‌ಶಾಪಿನಲ್ಲಿ ಬಡಗಿ. ಅವರ ಊರಿನವರೆಲ್ಲ ಕಾಕ ಎನ್ನುತ್ತಿದ್ದರು, ಮೈಸೂರಿನವನಾದ ನಾನೂ ಹಾಗೇ ಕರೆದೆ. ನಾನು ವೆಲ್ಡಿಂಗ್ ಪರೀಕ್ಷಿಸುವ ಇನ್‌ಸ್ಪೆಕ್ಟರ್. ಬೇರೆಯವರ ತಪ್ಪು ಹುಡುಕುವುದೇ ನನ್ನ ಅನ್ನ. ವಾರಕ್ಕೆರಡು ಸಂಜೆ ಕ್ಲಬ್ಬಿಗೆ ಹೋಗಿ ಹತ್ತು ಮೀಟರ್ ದೂರದ ಗುರಿಗೆ ಗಾಳಿ ಪಿಸ್ತೂಲಿನಿಂದ ಹೊಡೆಯುವುದು ನನ್ನ ಹವ್ಯಾಸವಾಗಿತ್ತು.

ಸ್ಪರ್ಧೆಯ ಈ ಪಿಸ್ತೂಲು ಕೈಯನ್ನು ಒದೆಯುವುದಿಲ್ಲ. ಗುಂಡು ಹೊರಟಾಗ ಒಳಗಿರುವ ಸಣ್ಣದೊಂದು ತೂಕ ಹಿಂದಕ್ಕೆ ಸರಿದು ಧಕ್ಕೆಯನ್ನು ನುಂಗಿಬಿಡುತ್ತದೆ. ಹಾಗಾಗಿ ಗುರಿ ತಪ್ಪಿದರೆ ಪಿಸ್ತೂಲನ್ನು ಬೈಯುವಂತಿಲ್ಲ. ನಮ್ಮ ಕೈಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಲು ಉಳಿಯುವುದು ಮುಖ್ಯವಾಗಿ ಎರಡು, ಮರದ ಹಿಡಿ ಮತ್ತು ಟ್ರಿಗರ್. ಪಿಸ್ತೂಲು ಕ್ಲಬ್ಬಿನ ಬೀರು ಬಿಟ್ಟು ಹೊರಗೆ ಹೋಗುವ ಹಾಗಿರಲಿಲ್ಲ. ಹಿಡಿಯನ್ನು ಮಾತ್ರ ತಿರುಪು ಬಿಚ್ಚಿ ಊಟದ ಚೀಲದಲ್ಲಿ ಹಾಕಿಕೊಂಡು ಹೋಗಬಹುದಿತ್ತು. ಹಾಗೆ ಒಂದು ಶುಕ್ರವಾರ ಅದನ್ನು ಕಾಕನ ರೂಮಿಗೆ ಒಯ್ದೆ.

ಅವರು ನನ್ನ ಅಂಗೈಗೆ ನೀಲಿ ಪುಡಿ ಬಳಿದರು. ಹಲಗೆಯ ಮೇಲೆ ಗೆರೆ ಹೊಡೆಯಲು ಬಡಗಿಗಳು ದಾರಕ್ಕೆ ಹಚ್ಚುವ ಪುಡಿ ಅದು. ಹಿಡಿ ಹಿಡಿದು ಬಿಟ್ಟರೆ ಎಲ್ಲಿ ನೀಲಿ ದಟ್ಟವಾಗಿ ಕೂರುತ್ತದೋ ಅಲ್ಲಿ ಮರ ಹೆಚ್ಚಿದೆಯೆಂದು ಅರ್ಥ. ಅಲ್ಲಿ ಎರಡೇ ಎರಡು ಸಲ ಅರ ಆಡಿಸಿ ಮತ್ತೆ ಕೈಗೆ ಕೊಡುತ್ತಿದ್ದರು. “ಎಂತ ಸರ್, ಇದು ಬಸ್ಸಿನ ಕಂಬಿ ಅಲ್ಲ ಮಾರಾಯ್ರೆ, ಸ್ವಲ್ಪ ಸಡಿಲ ಹಿಡೀರಿ,” ಎಂದು ನಗುತ್ತಿದ್ದರು. ಬಾಗಿಲನ್ನು ದಾರಂದಕ್ಕೆ ಕೂರಿಸುವಾಗ ಅವರ ಅಪ್ಪ ಹೀಗೇ ಮಾಡುತ್ತಿದ್ದರಂತೆ. ಹನ್ನೊಂದು ಶುಕ್ರವಾರ ಹಿಡಿಯಿತು. ಕೊನೆಗೆ ಅಗಸೆ ಎಣ್ಣೆ ಹಾಕಿ ಉಜ್ಜಿದರು. ಕಣ್ಣು ಮುಚ್ಚಿ ಕೈ ಎತ್ತಿ ಕಣ್ಣು ತೆರೆದರೆ ಗುರಿ ನೇರ ಎದುರಿಗೆ ನಿಂತಿರುತ್ತಿತ್ತು...

ಆಮೇಲೆ ಕ್ಲಬ್ಬಿನ ಉಳಿದವರೂ ಅವರನ್ನು ಹುಡುಕಿಕೊಂಡು ಬಂದರು. ಮ್ಯಾನೇಜರ್ ಸೌದಿಯವರು, ಸೌಮ್ಯ ಮನುಷ್ಯ. ಟ್ರಿಗರ್ ಹೊಂದಿಸುವ ಕೆಲಸವನ್ನೂ ಕಾಕನಿಗೇ ಒಪ್ಪಿಸಿದರು. ಅವರನ್ನು ಬಿಟ್ಟು ಬೇರೆ ಯಾರೂ ತಿರುಪು ಮುಟ್ಟಬಾರದೆಂದು ಗೋಡೆಗೆ ಕಾಗದವನ್ನೇ ಅಂಟಿಸಿದರು. ಬರುವ ಸ್ಪರ್ಧೆ ಮುಗಿಯಲಿ, ನಿಮಗೆ ವೀಸಾ ಕೊಟ್ಟ ಮಾಲೀಕ ಕಫೀಲನ ಹತ್ತಿರ ಮಾತಾಡಿ ನಿಮ್ಮ ಇಕಾಮಾ, ಅಂದರೆ ವಾಸದ ಪರವಾನಗಿಯನ್ನು, ಕ್ಲಬ್ಬಿಗೆ ವರ್ಗ ಮಾಡಿಸಿಕೊಳ್ಳುತ್ತೇನೆ ಎಂದೂ ಹೇಳಿದ್ದರು. ವರ್ಕ್‌ಶಾಪಿನ ಮರದ ಧೂಳು ಕಾಕನ ಎದೆಗೆ ಇಳಿದಿತ್ತು, ನಾಲ್ಕು ಮಾತಿಗೊಮ್ಮೆ ಕೆಮ್ಮು. “ಎಸಿ ರೂಮಲ್ಲಿ ಕೂತು ಮಾಡುವ ಕೆಲಸ ಸರ್. ಈ ಧೂಳೊಂದು ತಪ್ತದೆ. ಮತ್ತೆ ಎಂತ ಬೇಕು?” ಎನ್ನುತ್ತಿದ್ದರು.

ನಿಯಮದ ಪ್ರಕಾರ ಟ್ರಿಗರಿಗೆ ಕಡಿಮೆಯೆಂದರೆ ಐನೂರು ಗ್ರಾಂ ಭಾರ ಇರಬೇಕು. ಐನೂರು ಗ್ರಾಮಿನ ತೂಕವನ್ನು ಅದಕ್ಕೆ ನೇತುಹಾಕಿ ಪಿಸ್ತೂಲನ್ನು ಮೇಲೆತ್ತುತ್ತಾರೆ. ಟ್ರಿಗರ್ ಬಿಟ್ಟುಕೊಡದೆ ತಡೆದರೆ ಪಾಸು. ಸ್ಪರ್ಧೆಯ ಹಿಂದಿನ ಸಂಜೆ ಕಾಕ ನನ್ನ ಪಿಸ್ತೂಲನ್ನು ನನ್ನ ಕಣ್ಣೆದುರೇ ಹಾಗೆ ಎತ್ತಿ ತೋರಿಸಿದರು, ಪಾಸಾಯಿತು. ಇನ್ನೂ ಸ್ವಲ್ಪ ಹಗುರ ಮಾಡಿ ಎಂದು ನಾನು ಗೋಗರೆದೆ. “ಮಾಡುದಿಲ್ಲ ಸರ್. ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ಕೈ ಸರಿ ಇಲ್ಲ ಅಂತ ಆಗ್ತದೆ,” ಎಂದು ನಮಾಜಿಗೆ ಎದ್ದು ಹೋದರು. ತಿರುಪು ತಿರುಗಿಸುವ ಅವರ ಸಣ್ಣ ಕೀಲಿ ಮೇಜಿನ ಮೇಲೇ ಇತ್ತು. ತಿರುಪನ್ನು ಕಾಲು ಸುತ್ತು ತಿರುಗಿಸಿದೆ, ಅಷ್ಟೆ. ಹೊಡೆದ ಹತ್ತು ಗುಂಡೂ ಬೆಣ್ಣೆಯ ಹಾಗೆ ಹೋದವು. ವಾಪಸು ತಿರುಗಿಸಲು ಮನಸ್ಸು ಬರಲಿಲ್ಲ.

ಮರುದಿನ ತಪಾಸಣೆಯ ಮೇಜಿನ ಬಳಿ ಮೂರು ಸಲ ಎತ್ತಿದರು, ಮೂರು ಸಲವೂ ಟ್ರಿಗರ್ ಬಿಟ್ಟುಕೊಟ್ಟಿತು. ಹೊರಗಿನಿಂದ ಬಂದ ತೀರ್ಪುಗಾರರ ಮುಂದೆ ಮ್ಯಾನೇಜರರ ಮುಖ ಕೆಂಪಾಯಿತು. ಇದನ್ನು ಹೊಂದಿಸಿದ್ದು ಯಾರು ಎಂದು ಕೇಳಿದರು. ಕಾಕ ಪಕ್ಕದಲ್ಲೇ ಇದ್ದರು. ನಾನು ಅವರ ಕಡೆ ಕೈ ತೋರಿಸಿ, “ಇವರೇ,” ಎಂದೆ. ವರದಿ ಬರೆದು ಬರೆದು ಪಳಗಿದವನಲ್ಲವೇ, ಸುಳ್ಳನ್ನೂ ಸಹಿ ಹಾಕುವಷ್ಟು ಅಚ್ಚುಕಟ್ಟಾಗಿ ಹೇಳಿದ್ದೆ.

ಕಾಕ ಸಿಟ್ಟಾಗಲಿಲ್ಲ. ಕನ್ನಡಕ ಹಾಕಿಕೊಂಡು ತಿರುಪನ್ನು ತುಂಬಾ ಹೊತ್ತು ನೋಡಿದರು. ಮತ್ತೆ ಅದನ್ನು ಬಿಗಿ ಮಾಡಿ, ತೂಕ ಎತ್ತಿ ತೋರಿಸಿ, ಪಿಸ್ತೂಲನ್ನು ನನ್ನ ಕೈಗೆ ಕೊಟ್ಟರು. ಅದನ್ನೇ ಹಿಡಿದು ನಾನು ಮೂರನೆಯ ಸ್ಥಾನ ಗಳಿಸಿದೆ. ಪದಕ ಹಾಕಿಸಿಕೊಂಡು ಫೋಟೋಕ್ಕೆ ಹಲ್ಲು ಕಿರಿದೆ.

ಇಕಾಮಾದ ಮಾತು ಅಲ್ಲಿಗೇ ನಿಂತಿತು. ಕೆಲವು ತಿಂಗಳಲ್ಲಿ ಕಫೀಲ ಕಾಕನನ್ನು ದೂರದ ರಾಸ್ ಅಲ್ ಖೈರಿಗೆ ಕಳಿಸಿದ. ಕಾಂಕ್ರೀಟಿಗೆ ಹಲಗೆ ಹೊಡೆಯುವ ಕೆಲಸ, ಬಿಸಿಲಿನಲ್ಲಿ. ಎರಡು ವರ್ಷ ಪೆರ್ನಾಳ್ ಹಬ್ಬಕ್ಕೆ ಅವರೇ ಫೋನ್ ಮಾಡಿದರು. ಹಿಡಿ ಸರಿ ಕೂರುತ್ತದಾ ಎಂದು ಕೇಳಿದರು. ಕೂರುತ್ತದೆ ಕಾಕ ಎಂದೆ. ತಿರುಪಿನ ಮಾತು ಎತ್ತದೆ, ಮನೆಯಲ್ಲಿ ನೆಂಟರಿದ್ದಾರೆಂದು ಫೋನ್ ಇಟ್ಟೆ. ಯಾರೂ ಇರಲಿಲ್ಲ.

ಹೋದ ವರ್ಷ ತಪಾಸಣೆಗೆಂದು ರಾಸ್ ಅಲ್ ಖೈರಿಗೆ ಹೋದಾಗ ಅವರ ರೂಮಿನಲ್ಲಿದ್ದ ಉಡುಪಿಯ ಫೋರ್‌ಮನ್ ಒಬ್ಬರು ಸಿಕ್ಕಿದರು. ಕಾಕ ಊರಿಗೆ ಹೋಗಿ ಆರು ತಿಂಗಳಲ್ಲೇ ತೀರಿಕೊಂಡರಂತೆ. “ಅಷ್ಟು ಒಳ್ಳೆ ಬಡಗಿ, ಕ್ಯಾಂಪಲ್ಲಿ ಒಂದು ಮಣೆ ಮಾಡಿ ಕೊಡಿ ಅಂದ್ರೂ ಮಾಡ್ತಿರ್ಲಿಲ್ಲ ಸರ್. ಖೋಬರಲ್ಲಿ ಒಮ್ಮೆ ನನ್ನ ಕೈ ತಪ್ಪಿತು, ಕಣ್ಣು ಹೋಗಿದೆ, ನುಣುಪು ಕೆಲಸ ಇನ್ನು ನನಗಾಗುದಿಲ್ಲ ಅಂತಿದ್ರು,” ಎಂದರು.

ಕಾಕ ನನ್ನನ್ನು ನಂಬಿದ್ದರು. ತಮ್ಮ ಕೈಗಿಂತ ಹೆಚ್ಚಾಗಿ ನನ್ನ ಮಾತನ್ನು ನಂಬಿದ್ದರು.

“ಅವರ ಕೈ ತಪ್ಪಿರಲಿಲ್ಲ. ತಿರುಪು ತಿರುಗಿಸಿದ್ದು ನಾನು,” ಎಂದೆ. ಫೋರ್‌ಮನ್ ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. “ಇದನ್ನು ನನಗೆ ಯಾಕೆ ಹೇಳ್ತೀರಿ ಸರ್?” ಎಂದರು.

ಅವರಿಗೆ ಹೇಳಿದ್ದನ್ನೇ ಈಗ ನಿಮ್ಮ ಮುಂದೆ ಬರೆಯುತ್ತಿದ್ದೇನೆ. ಇದನ್ನು ಕೇಳಿಸಿಕೊಳ್ಳಬೇಕಾಗಿದ್ದ ಕಾಕ ಎರಡು ಸಲ ತಾವೇ ಫೋನ್ ಮಾಡಿದ್ದರು.